ನಿಂತಲ್ಲೇ ಹನಕೆರೆಗೆ

ಸೈಕಲ್ಲಿನಿಂದ ಇಳಿದ ಕೂಡಲೇ ನನ್ನ ಬಲಗಾಲು ಸ್ಟ್ಯಾಂಡನ್ನು ಹುಡುಕುತ್ತದೆ. ಆ ಸೈಕಲ್ಲಿಗೆ ಸ್ಟ್ಯಾಂಡಿಲ್ಲ. ಅದು ಬೀಳುವುದಿಲ್ಲ, ಏಕೆಂದರೆ ಚಲಿಸುವುದೂ ಇಲ್ಲ. ದಪ್ಪ ಕಬ್ಬಿಣದ ಪೀಠದ ಮೇಲೆ, ಮುಂದೊಂದು ಭಾರವಾದ ಚಕ್ರವನ್ನಷ್ಟೇ ಇಟ್ಟುಕೊಂಡು, ನೆಲಕ್ಕೆ ನೆಟ್ಟಂತೆ ಕುಳಿತಿರುವ ಯಂತ್ರ ಅದು. ಇದೆಲ್ಲ ನನಗೆ ತಿಳಿದಿದೆ. ನನ್ನ ಕಾಲಿಗೆ ತಿಳಿದಿಲ್ಲ. ಪ್ರತಿ ಬೆಳಗ್ಗೆಯೂ ಅದು ಗಾಳಿಯನ್ನು ಒಮ್ಮೆ ಒದೆಯುತ್ತದೆ, ಏನೂ ಸಿಗದೆ ನಾಚಿಕೊಂಡು ನೆಲಕ್ಕಿಳಿಯುತ್ತದೆ. ಪಕ್ಕದ ಸೈಕಲ್ಲಿನ ಜಯಮ್ಮನವರು, ಹುಟ್ಟಿದಂದಿನಿಂದ ಬೇರಾವ ಸೈಕಲ್ಲನ್ನೂ ಮುಟ್ಟದವರು, ಇದನ್ನು ನೋಡಿ ನೋಡಿ ಒಂದು ದಿನ ಹೇಳಿಯೇ ಬಿಟ್ಟರು: “ಬುಡಿ ಸಾರ್, ಅದೇನು ಎತ್ಲಾಗೂ ಬಿದ್ದೋಗಕಿಲ್ಲ.”

ಮಂಡ್ಯದ ಒಂದು ಅಡ್ಡರಸ್ತೆಯಲ್ಲಿ, ಹಾರ್ಡ್‌ವೇರ್ ಅಂಗಡಿಯೊಂದರ ಮೇಲಿನ ಹಾಲಿನಲ್ಲಿ ನಮ್ಮ ಈ ತರಗತಿ ನಡೆಯುತ್ತದೆ. ಕೆಳಗೆ ಪೈಪು, ಮೊಳೆ, ಸಿಮೆಂಟು, ಮೇಲೆ ನಾವು. ಕಿಟಕಿಗಳಿಗೆಲ್ಲ ದಪ್ಪನೆಯ ಕಪ್ಪು ಪರದೆ. ದೀಪ ಆರಿಸಿ, ಮೂಲೆಯಲ್ಲೊಂದು ಬಣ್ಣದ ಬಲ್ಬು ಹಚ್ಚಿ, ಹಾಡು ಹಾಕುತ್ತಾರೆ. ಆ ಕತ್ತಲೆಯಲ್ಲಿ, ಆ ಗದ್ದಲದಲ್ಲಿ, ಹತ್ತು ಹದಿನೈದು ಮಂದಿ ಎಲ್ಲಿಗೂ ಹೋಗದೆ ಬೆವರುತ್ತೇವೆ. ಇದಕ್ಕೆ ಇಂಡೋರ್ ಸೈಕ್ಲಿಂಗ್ ಎಂದು ಹೆಸರು. ಊರಿನ ತುಂಬ ರಸ್ತೆಗಳನ್ನಿಟ್ಟುಕೊಂಡು ಕೋಣೆಯೊಳಗೆ ಸೈಕಲ್ ತುಳಿಯುವವರನ್ನು ಕಂಡರೆ ನಿಮಗೆ ನಗು ಬರಬಹುದು. ನನಗೂ ಬಂದಿತ್ತು, ರಕ್ತದೊತ್ತಡ ನೋಡಿದ ವೈದ್ಯರು ನಗಲಿಲ್ಲವಾದ್ದರಿಂದ ನಾನೂ ನಗುವುದನ್ನು ನಿಲ್ಲಿಸಿದೆ.

ನಾನು ಮದ್ದೂರಿನ ಒಂದು ಪದವಿಪೂರ್ವ ಕಾಲೇಜಿನಲ್ಲಿ ವಾಣಿಜ್ಯಶಾಸ್ತ್ರ ಬೋಧಿಸುತ್ತೇನೆ. ನಮ್ಮ ಮನೆತನದಲ್ಲಿ ಪದವಿ ಪಡೆದವನು ನಾನೇ ಮೊದಲಿಗ. ಮೊದಲಿಗನಾದವನಿಗೆ ಯಾವ ಕೋಣೆಗೆ ಹೇಗೆ ಪ್ರವೇಶಿಸಬೇಕೆಂದು ಹೇಳಿಕೊಡುವವರು ಮನೆಯಲ್ಲಿ ಇರುವುದಿಲ್ಲ. ಆದ್ದರಿಂದ ಅವನು ಎಲ್ಲ ಕೋಣೆಗಳಿಗೂ ಸಂದರ್ಶನಕ್ಕೆ ಹೋದಂತೆಯೇ ಹೋಗುತ್ತಾನೆ. ಮೊದಲ ದಿನ ನಾನು ಇಸ್ತ್ರಿ ಮಾಡಿದ ಪ್ಯಾಂಟು, ಬೆಲ್ಟು, ಪಾಲಿಶ್ ಹಾಕಿದ ಬೂಟು ಧರಿಸಿ ಹೋಗಿದ್ದೆ. ಎರಡನೆಯ ವಾರ ಮೌಲ್ಯಮಾಪನದ ಕೆಲಸವಿದ್ದುದರಿಂದ ಒಂದು ದಿನ ತಪ್ಪಿಸಬೇಕಾಯಿತು. ‘ಮಾನ್ಯರೇ’ ಎಂದು ಆರಂಭಿಸಿ ರಜೆಯ ಅರ್ಜಿ ಬರೆದು ಮುಂಚಿತವಾಗಿ ಸಲ್ಲಿಸಿದೆ. ತರಗತಿ ನಡೆಸುವ ಸವಿತಾ ಅದನ್ನು ಎರಡು ಸಲ ಓದಿದರು. ಮಳವಳ್ಳಿಯ ಕಡೆಯ ಹುಡುಗಿ, ಇನ್ನೂ ಮೂವತ್ತಾಗಿರಲಾರದು.

“ಸಾರ್, ಇಲ್ಲಿ ರಜಾ ಚೀಟಿ ಎಲ್ಲ ಬ್ಯಾಡ. ನೀವು ಬರ್ಲಿಲ್ಲ ಅಂದ್ರೆ ನಿಮ್ಮೊಟ್ಟೆಗೇ ಲಾಸು” ಎಂದು ನಕ್ಕರು. ಅನ್ವರ್ ಅವರು ಆ ಅರ್ಜಿಯನ್ನು ಇಸಿದುಕೊಂಡು ಇಡೀ ತರಗತಿಗೆ ಗಟ್ಟಿಯಾಗಿ ಓದಿ ಹೇಳಿದರು. ಪೇಟೆಯಲ್ಲಿ ಟೈರು ಪಂಕ್ಚರಿನ ಅಂಗಡಿಯಿಟ್ಟುಕೊಂಡಿರುವ, ಹೊಟ್ಟೆ ಕರಗಿಸಲೆಂದು ಬರುವ, ಹೊಟ್ಟೆಗಿಂತ ಮಾತನ್ನೇ ಹೆಚ್ಚಾಗಿ ಖರ್ಚು ಮಾಡುವ ಮನುಷ್ಯ. ಅಂದಿನಿಂದ ಅವರಿಗೆ ನಾನು ‘ಮೇಷ್ಟ್ರು’.

ಒಳ್ಳೆಯ ತರಗತಿ ಯಾವುದು ಎಂಬ ಪ್ರಶ್ನೆಗೆ ಅಲ್ಲಿ ತಲೆಗೊಂದು ಉತ್ತರವಿತ್ತು. ಫ್ಯಾನು ಚೆನ್ನಾಗಿ ತಿರುಗಬೇಕೆಂದು ಅನ್ವರ್. ಹಾಡಿನ ಅರ್ಥ ತಿಳಿಯಬೇಕೆಂದು ಜಯಮ್ಮ. ಸವಿತಾ ಮಾತ್ರ ಯಾವಾಗಲೂ ನಮ್ಮ ಮಂಡಿಗಳನ್ನೇ ನೋಡುತ್ತಿದ್ದರು. ಸೀಟು ಒಂದು ತೂತು ಕೆಳಗಿದ್ದರೂ ಹತ್ತಿರ ಬಂದು ಏರಿಸುತ್ತಿದ್ದರು. ನನ್ನ ಉತ್ತರವನ್ನು ನಾನು ಯಾರಿಗೂ ಹೇಳಲಿಲ್ಲ. ನನಗೆ ಆ ತರಗತಿ ಇಷ್ಟವಾದದ್ದು ಅಲ್ಲಿ ಮುಂದೆ ಯಾರೂ ಇಲ್ಲ, ಹಿಂದೆ ಯಾರೂ ಇಲ್ಲ ಎಂಬ ಕಾರಣಕ್ಕೆ. ಮೊದಲಿನಿಂದಲೂ ಯಾರನ್ನೋ ಹಿಂಬಾಲಿಸಿ, ಯಾರೋ ಹಿಂದಿನಿಂದ ಹಾದುಹೋಗುತ್ತಾರೆಂದು ಹೆದರಿ ಬದುಕಿದವನಿಗೆ, ಎಷ್ಟು ತುಳಿದರೂ ಎಲ್ಲರೂ ಅಲ್ಲಲ್ಲೇ ಇರುವ ಒಂದು ಜಾಗ ಸಿಕ್ಕಿತ್ತು.

ನಿಜವಾದ ಸೈಕಲ್ಲೆಂದರೆ ನನಗೆ ಅಪ್ಪನದೇ. ನಾವು ಹನಕೆರೆಯಲ್ಲಿದ್ದಾಗ ಅಪ್ಪ ಮಂಡ್ಯದಾಚೆಯ ವಿ.ಸಿ. ಫಾರಂ ಎಂಬ ಕೃಷಿ ಸಂಶೋಧನಾ ಕೇಂದ್ರದಲ್ಲಿ ಕೂಲಿಯಾಳಾಗಿದ್ದ. ಬೆಳಗ್ಗೆ ಹೋಗಿ ಸಂಜೆ ಬರುವಾಗ ಅವನ ಪಂಚೆಯಿಂದ ಒದ್ದೆ ಭತ್ತದ ವಾಸನೆ ಬರುತ್ತಿತ್ತು. ಭಾನುವಾರಗಳಲ್ಲಿ ನನ್ನನ್ನು ಮುಂದಿನ ಬಾರಿನ ಮೇಲೆ, ಸುತ್ತಿದ ಟವೆಲ್ಲಿನ ಮೆತ್ತೆಯ ಮೇಲೆ ಕೂರಿಸಿಕೊಳ್ಳುತ್ತಿದ್ದ. ನನ್ನ ನೆತ್ತಿಯ ಮೇಲೆ ಅವನ ಉಸಿರು ಬೀಳುತ್ತಿತ್ತು; ಏರಿನಲ್ಲಿ ದಪ್ಪಗೆ, ಇಳಿಜಾರಿನಲ್ಲಿ ತೆಳ್ಳಗೆ. ರಸ್ತೆ ಏರುತ್ತಿದೆಯೋ ಇಳಿಯುತ್ತಿದೆಯೋ ಎಂಬುದನ್ನು ನಾನು ನೆತ್ತಿಯಿಂದ ತಿಳಿಯುತ್ತಿದ್ದೆ. ಬಾರಿನ ಕೆಳಗೆ ಕಾಲು ತೂರಿಸಿ, ಅರ್ಧರ್ಧ ಪೆಡಲು ತುಳಿಯುತ್ತ ನಾನು ಸೈಕಲ್ ಕಲಿತದ್ದೂ ಅದರಲ್ಲೇ. ನಾಲೆಯ ಏರಿಯಿಂದ ನೀರಿಗೆ ಬಿದ್ದದ್ದೂ ಅದರ ಸಮೇತವೇ. ಅಪ್ಪ ಮೊದಲು ಸೈಕಲ್ಲನ್ನು ಎತ್ತಿದ, ಆಮೇಲೆ ನನ್ನನ್ನು. ಈ ವಿಷಯವನ್ನು ಅಮ್ಮ ಬದುಕಿರುವವರೆಗೂ ಆಡಿಕೊಂಡಳು.

ಅಮ್ಮ ಹೋದ ಮೇಲೆ ಅಪ್ಪ ನಮ್ಮೊಂದಿಗೆ ಮಂಡ್ಯದ ಬಾಡಿಗೆ ಮನೆಗೆ ಬಂದ. ಸೈಕಲ್ಲೂ ಬಂತು. ಎರಡು ವರ್ಷಗಳ ಹಿಂದೆ ಅವನ ಕಣ್ಣು ಮಸುಕಾಗತೊಡಗಿತು. ಕಣ್ಣಿನ ಒತ್ತಡ ಹೆಚ್ಚಿ ನರ ಒಣಗುತ್ತಿದೆ, ಎಡಗಣ್ಣಿನದು ಆಗಲೇ ಮುಗಿದಿದೆ, ಬಲಗಣ್ಣಿನ ದೃಷ್ಟಿಯೂ ಸುತ್ತಲಿನಿಂದ ಕಿರಿದಾಗುತ್ತಾ ಬರುತ್ತಿದೆ ಎಂದರು ಕಣ್ಣಿನ ವೈದ್ಯರು. ಹೋದದ್ದು ಮರಳುವುದಿಲ್ಲ; ಉಳಿದದ್ದನ್ನು ಔಷಧಿಯ ಹನಿಗಳಿಂದ ಉಳಿಸಿಕೊಳ್ಳಲು ನೋಡಬೇಕು; ರಸ್ತೆಯ ಮೇಲೆ ಸೈಕಲ್ ಮಾತ್ರ ಕೂಡದು. ಎಷ್ಟು ಉಳಿದಿದೆ ಎಂಬುದನ್ನು ಅಪ್ಪ ನಮಗೆ ಎಂದೂ ಹೇಳಲಿಲ್ಲ. ಕೇಳಿದರೆ, “ಕಾಣ್ತದೆ ಕಣ್ಲಾ, ನಿನ್ ಮೂತಿ ನೋಡಕ್ಕೆ ಎಷ್ಟು ಬೇಕೋ ಅಷ್ಟು ಕಾಣ್ತದೆ” ಎನ್ನುತ್ತಿದ್ದ.

ಅವನಿಗೆ ಒಂದೇ ಒಂದು ಆಸೆಯಿತ್ತು. ಹನಕೆರೆಗೆ ತಾನೇ ಸೈಕಲ್ ತುಳಿದುಕೊಂಡು ಹೋಗಿ, ಸ್ಟೇಷನ್ನಿನ ಬಳಿ ಒಂದು ಟೀ ಕುಡಿದು, ತಾನೇ ಮರಳಬೇಕು. ಸ್ಕೂಟರಿನಲ್ಲಿ ಕರೆದೊಯ್ಯುತ್ತೇನೆಂದು ನಾನು ಹಲವು ಸಲ ಹೇಳಿದ್ದೆ.

“ಇಂದ್ಗಡೆ ಕೂತ್ಕಂಡು ಓಗದು ಓಗದಲ್ಲ ಕಣ್ಲಾ. ಅದು ಮೂಟೆ ಸಾಗಾಕಿದಂಗೆ.”

“ಡಾಕ್ಟರು ಬೇಡ ಅಂದಿದ್ದಾರಲ್ಲಪ್ಪ.”

“ಡಾಕ್ಟ್ರೇನು ಅನಕೆರೇಲಿ ಉಟ್ಟವ್ರಾ? ಬೆಳಗಾನೆ ರೋಡು ಖಾಲಿ ಇರ್ತದೆ. ಕಾಲು ಗಟ್ಟಿ ಅವೆ. ಒಂದ್ಸಲ ಓಗ್ಬಂದ್ಬುಡ್ತೀನಿ, ಆಮ್ಯಾಕೆ ನೀನು ಏಳ್ದಂಗೆ ಕೇಳ್ತೀನಿ.”

“ಮೊದಲು ನನ್ನ ಜೊತೆ ಕ್ಲಾಸಿಗೆ ಬಾ. ಅಲ್ಲಿ ಚೆನ್ನಾಗಿ ತುಳಿದರೆ ಆಮೇಲೆ ನೋಡೋಣ” ಎಂದೆ. ‘ನೋಡೋಣ’ ಎಂದರೆ ಏನೆಂಬುದು ಎಲ್ಲ ಮನೆಗಳಲ್ಲೂ ಎಲ್ಲರಿಗೂ ಗೊತ್ತು. ಆದರೆ ಅಪ್ಪ ಅದನ್ನು ಪರೀಕ್ಷೆಯ ಪ್ರಕಟಣೆಯಂತೆ ಸ್ವೀಕರಿಸಿದ. ಮರುದಿನ ನಾನು ಏಳುವ ಮೊದಲೇ ಖಾಕಿ ಚಡ್ಡಿಯ ಮೇಲೆ ಪಂಚೆ ಕಟ್ಟಿ, ತಲೆಗೆ ಎಣ್ಣೆ ಹಚ್ಚಿ, ಹೊರಬಾಗಿಲಿನಲ್ಲಿ ನಿಂತಿದ್ದ.

ಸವಿತಾ ಅವನಿಗೆ ಕಿಟಕಿಯ ಪಕ್ಕದ ಸೈಕಲ್ಲನ್ನು ಕೊಟ್ಟು, ಸೀಟಿನ ಎತ್ತರ ಸರಿಪಡಿಸಿ, ಹ್ಯಾಂಡಲಿನ ಕೆಳಗಿನ ಕೆಂಪು ತಿರುಪನ್ನು ಕೈಯಿಂದ ಮುಟ್ಟಿಸಿದರು. “ತಾತ, ಇದನ್ನ ಬಿಗಿ ಮಾಡುದ್ರೆ ಏರು. ಸಡ್ಲ ಮಾಡುದ್ರೆ ಸಮ ರೋಡು. ನಿಲ್ಲಿಸ್ಬೇಕು ಅಂದ್ರೆ ಇದನ್ನೇ ಒತ್ಬೇಕು.” ಆಮೇಲೆ ದೀಪ ಆರಿಸಿದರು.

“ಯಾಕಮ್ಮ ಕತ್ಲೆ ಮಾಡ್ದೆ?”

“ಒಬ್ರುನ್ನೊಬ್ರು ನೋಡ್ಕಂಡು ನಾಚ್ಕಬಾರ್ದು ಅಂತ ತಾತ.”

“ಒಳ್ಳೇದಾಯ್ತು ಬುಡು. ಈಗ ಎಲ್ರೂ ನನ್ನಂಗೇ ಆದ್ರಿ.”

ಸ್ವಲ್ಪ ಹೊತ್ತು ಚೆನ್ನಾಗಿಯೇ ನಡೆಯಿತು. ಆಮೇಲೆ ಇದ್ದಕ್ಕಿದ್ದಂತೆ ಅಪ್ಪನ ಸೈಕಲ್ಲು ಧಡಾರನೆ ಸದ್ದು ಮಾಡಿತು. ಅಪ್ಪ ಹ್ಯಾಂಡಲಿನ ಮೇಲೆ ಮುಗ್ಗರಿಸಿದ್ದ. ರಸ್ತೆಯ ಸೈಕಲ್ಲಿನಲ್ಲಿ ನಾವು ಕಾಲು ನಿಲ್ಲಿಸಿದರೂ ಚಕ್ರ ತನ್ನಷ್ಟಕ್ಕೆ ಉರುಳುತ್ತದೆ. ಇಲ್ಲಿ ಹಾಗಲ್ಲ, ಪೆಡಲಿಗೂ ಚಕ್ರಕ್ಕೂ ನೇರ ನಂಟು. ತುಳಿಯುವುದನ್ನು ಥಟ್ಟನೆ ನಿಲ್ಲಿಸಿದರೆ ಚಕ್ರವೇ ಕಾಲುಗಳನ್ನು ಎತ್ತಿ ಒಗೆಯುತ್ತದೆ. ಜಯಮ್ಮನಂಥವರು ಈ ತಪ್ಪು ಮಾಡುವುದಿಲ್ಲ. ಬದುಕೆಲ್ಲ ಸೈಕಲ್ ತುಳಿದವರೇ ಮಾಡುವುದು. ಸವಿತಾ ಓಡಿ ಬಂದರು.

“ಏನಾಯ್ತು ತಾತ? ಯಾಕೆ ಕಾಲು ನಿಲ್ಲಿಸುದ್ರಿ?”

“ಇಳಿಜಾರು ಬಂತಲ್ಲವ್ವಾ, ಅದ್ಕೇ ಕಾಲು ಬುಟ್ಟೆ.”

“ಎಲ್ಲಿ ಇಳಿಜಾರು?”

“ಫಾರಂ ತಾವ ನಾಲೆ ಸೇತ್ವೆ ದಾಟುದ್ಮೇಲೆ.”

ಹಾಡು ಒಂದೇ ಸಮನೆ ಬಡಿದುಕೊಳ್ಳುತ್ತಿತ್ತು. ಅನ್ವರ್ ಮೊದಲು ನಕ್ಕರು: “ನೋಡಿ ಮೇಷ್ಟ್ರೇ, ಯಜಮಾನ್ರು ಫಾರಂ ಬುಟ್ಟು ಆಗ್ಲೇ ನಾಲೆ ಸೇತ್ವೆ ದಾಟವ್ರೆ. ನಾವಿನ್ನೂ ಸಿಮೆಂಟು ಮೂಟೆ ಮ್ಯಾಲೇ ಕೂತಿದ್ದೀವಿ.” ಎಲ್ಲರೂ ನಕ್ಕರು, ಅಪ್ಪನೂ ನಕ್ಕ. ನಾನು ನಗಲು ಹೋದೆ, ಆಗಲಿಲ್ಲ. ಅವನು ಅಷ್ಟು ಹೊತ್ತೂ ಫಾರಂನ ಗೇಟಿನಿಂದ ಮನೆಗೆ ಹೊರಟಿದ್ದನೆಂಬುದು ನನಗೆ ಆಗಲೇ ಹೊಳೆದದ್ದು.

ಮರುದಿನ ಸವಿತಾ ಹಾಡಿನ ಸದ್ದನ್ನು ಅರ್ಧಕ್ಕೆ ಇಳಿಸಿದರು. ಅಲ್ಲಿಯವರೆಗೆ ಮೊಬೈಲಿನಿಂದ ಯಾವುದೋ ದೇಶದ ದನಿಯೊಂದು ಬೆಟ್ಟ ಹತ್ತಿ, ಬೆಟ್ಟ ಇಳಿಯಿರಿ ಎಂದು ಇಂಗ್ಲಿಷಿನಲ್ಲಿ ಅಪ್ಪಣೆ ಕೊಡುತ್ತಿತ್ತು. ಯಾರ ಬೆಟ್ಟವೋ ಏನೋ. ಸವಿತಾ ಅದನ್ನು ಆರಿಸಿ, “ಈಗ ಎಲ್ಲಾರೂ ಫಾರಂ ಗೇಟ್ ತಾವ ನಿಂತಿದ್ದೀವಿ. ತಾತ, ನೀವು ದಾರಿ ಏಳಿ, ನಾನು ಎಷ್ಟು ಬಿಗಿ ಮಾಡ್ಬೇಕು ಏಳ್ತೀನಿ” ಎಂದರು. ಅಪ್ಪ ಗಂಟಲು ಸರಿಪಡಿಸಿಕೊಂಡ. ನಮ್ಮ ತರಗತಿ ಅಂದಿನಿಂದ ರಸ್ತೆಗಿಳಿಯಿತು.

ಸೇತುವೆಯ ಏರು ಬಂದಾಗ ತಿರುಪು ಬಿಗಿಯುತ್ತಿದ್ದೆವು. ಹಂಪು ಬಂದಾಗ ಸೀಟಿನಿಂದ ಎದ್ದು ನಿಂತು ತುಳಿಯುತ್ತಿದ್ದೆವು. “ಕಬ್ಬಿನ ಲಾರಿ ಇಂದೆ ಸಿಕ್ಕಾಕ್ಕಂಡೋ, ಮೆಲ್ಲುಕ್ಕೆ” ಎಂದು ಅಪ್ಪ ಹೇಳಿದರೆ ಇಡೀ ತರಗತಿ ಮೆಲ್ಲಗಾಗುತ್ತಿತ್ತು. “ಸೈಡು ಬುಟ್ಟ, ಒಡೀರಿ!” ಎಂದರೆ ಜಯಮ್ಮನವರೂ ಸೆರಗು ಸಿಕ್ಕಿಸಿ ಹೊಡೆಯುತ್ತಿದ್ದರು. ಅವರು ಮಂಡ್ಯದ ಪೇಟೆ ಬಂದಾಗಲೆಲ್ಲ, “ಒಂಚೂರು ನಿಲ್ಸಪ್ಪ, ಸೊಪ್ಪು ತಕಂಡ್ಬುಡ್ತೀನಿ” ಎನ್ನುತ್ತಿದ್ದರು. “ಜಯಮ್ಮಾರೆ, ಇದಕ್ಕೆ ಕ್ಯಾರಿಯರ್ ಇಲ್ಲ, ಸೊಪ್ಪು ತಲೆ ಮ್ಯಾಲೆ ಇಟ್ಕಬೇಕಾಯ್ತದೆ” ಎಂದು ಅನ್ವರ್. ತಪ್ಪು ತಿದ್ದುವವರೂ ಇದ್ದರು. ಈಗ ಅಲ್ಲಿ ಹಂಪಿಲ್ಲ, ಕಿತ್ತು ಹಾಕಿದ್ದಾರೆ. ಆ ತಿರುವಿನ ಮರ ಈಗಿಲ್ಲ. ಅಪ್ಪ ಒಪ್ಪುತ್ತಿರಲಿಲ್ಲ. ಅವನ ರಸ್ತೆಯಲ್ಲಿ ಮರ ಇತ್ತು, ಹಂಪೂ ಇತ್ತು, ನಾವು ಏಳಲೇಬೇಕಾಗಿತ್ತು.

ತರಗತಿ ಮುಗಿಸಿ, ಸ್ನಾನ ಮಾಡಿ, ನಾನು ರೈಲು ಹಿಡಿದು ಮದ್ದೂರಿಗೆ ಹೊರಡುತ್ತಿದ್ದೆ. ದಾರಿಯಲ್ಲಿ ಹನಕೆರೆ. ಕಾಲಿನಿಂದ ಒಮ್ಮೆ ತಲುಪಿದ ಊರನ್ನು ಗಂಟೆಯೊಳಗೆ ಕಿಟಕಿಯಿಂದ ಮತ್ತೊಮ್ಮೆ ನೋಡುವುದು ವಿಚಿತ್ರವಾಗಿತ್ತು. ಸಂಜೆ ಅಪ್ಪ ಕೇಳುತ್ತಿದ್ದ: “ರೋಡು ಎಂಗದೆ? ಬೆಳಗಾನೆ ಲಾರಿ ಕಾಟ ಜಾಸ್ತಿನಾ?” ನಾನು ರೈಲಿನಿಂದ ಕಂಡದ್ದನ್ನು ಎಚ್ಚರದಿಂದ ವರದಿ ಮಾಡುತ್ತಿದ್ದೆ, ಲಾರಿಗಳನ್ನು ಸ್ವಲ್ಪ ಹೆಚ್ಚಿಸಿ. “ನೋಡುವ, ನೋಡುವ. ಕಾಲು ಪಳಗ್ತಾ ಅವೆ” ಎನ್ನುತ್ತಿದ್ದ. ಅವನು ಪರೀಕ್ಷೆಗೆ ಓದಿಕೊಳ್ಳುತ್ತಿದ್ದ. ನಾನು ಪರೀಕ್ಷೆಯನ್ನು ಮುಂದೂಡುತ್ತಿದ್ದೆ.

ಮೆಟ್ಟಿಲು ಹತ್ತುವಾಗ ಅವನು ನನ್ನ ಭುಜ ಹಿಡಿಯತೊಡಗಿದ್ದನ್ನು ನಾನು ಗಮನಿಸಿದ್ದೆ. ಮೆಟ್ಟಿಲು ಕಿರಿದು ಎಂದಿದ್ದ. ಕಿರಿದೇ ಇದ್ದುದರಿಂದ ನಂಬಿದ್ದೆ. ತಟ್ಟೆಗೆ ಬಡಿಸುವಾಗ ಯಾವುದು ಎಲ್ಲಿದೆಯೆಂದು ನನ್ನ ಹೆಂಡತಿಯನ್ನು ತಮಾಷೆಯಾಗಿ ಕೇಳುತ್ತಿದ್ದ. ತಮಾಷೆಯೆಂದೇ ನಾವು ನಕ್ಕಿದ್ದೆವು. ಆಸ್ಪತ್ರೆಯ ತಪಾಸಣೆಗೆ ಕರೆದಾಗ ಮಾತ್ರ, “ಮುಂದಿನ ತಿಂಗ್ಳು ಓಗಾನ ಬುಡು” ಎನ್ನುತ್ತಿದ್ದ.

ಕಳೆದ ತಿಂಗಳು ಒಂದು ಬೆಳಗ್ಗೆ, ನಾವು ಮಂಡ್ಯದ ಪೇಟೆಯನ್ನು ದಾಟುವ ಹೊತ್ತಿಗೆ ಕರೆಂಟು ಹೋಯಿತು. ಹಾಡು ನಿಂತಿತು, ಬಣ್ಣದ ಬಲ್ಬು ಆರಿತು, ಫ್ಯಾನಿನ ರೆಕ್ಕೆಗಳು ನಿಟ್ಟುಸಿರು ಬಿಟ್ಟವು. ಬೇರೆ ದಿನವಾಗಿದ್ದರೆ ಇಳಿದುಬಿಡುತ್ತಿದ್ದೆವು. “ಯಾರೂ ಇಳೀಬ್ಯಾಡಿ. ರೋಡ್ಗೆ ಯಾಕೆ ಕರೆಂಟು? ತಾತ, ನೀವು ಏಳ್ತಾ ಇರಿ” ಎಂದರು ಸವಿತಾ. ಗವ್ವೆನ್ನುವ ಕತ್ತಲೆಯಲ್ಲಿ ಅಪ್ಪನ ದನಿಯೊಂದೇ ಮುಂದೆ ಸಾಗಿತು. ಹಿಂದೆ ನಮ್ಮ ಚಕ್ರಗಳ ಗುಂಯ್‌ಗುಡಿತ, ನಮ್ಮ ಏದುಸಿರು. ಏರಿನಲ್ಲಿ ಅವನ ಉಸಿರು ದಪ್ಪವಾಯಿತು, ಇಳಿಜಾರಿನಲ್ಲಿ ತೆಳ್ಳಗಾಯಿತು. ಗದ್ದೆಯ ಬದಿಯಲ್ಲಿ ತಣ್ಣನೆ ಗಾಳಿ ಬರುತ್ತದೆ ಎಂದ; ಫ್ಯಾನಿಲ್ಲದ ಆ ಕೋಣೆಯಲ್ಲಿ ಜಯಮ್ಮ, “ಊಂ, ಬತ್ತಾ ಅದೆ” ಎಂದರು. ಯಾರೂ ನಗಲಿಲ್ಲ. ಒಳ್ಳೆಯ ತರಗತಿ ಯಾವುದೆಂದು ಇಂದು ಯಾರಾದರೂ ನನ್ನನ್ನು ಕೇಳಿದರೆ, ಹಾಡಿಲ್ಲದ, ದೀಪವಿಲ್ಲದ, ಗಾಳಿಯಿಲ್ಲದ ಆ ಮುಕ್ಕಾಲು ಗಂಟೆಯನ್ನೇ ತೋರಿಸುತ್ತೇನೆ.

“ಬಂತು, ಅನಕೆರೆ ಗೇಟು” ಎಂದ ಅಪ್ಪ. ಎಲ್ಲರೂ ತಿರುಪು ಒತ್ತಿ ನಿಲ್ಲಿಸಿದೆವು. ಕರೆಂಟು ಇನ್ನೂ ಬಂದಿರಲಿಲ್ಲ. ಸೆಕೆ ತಾಳಲಾರದೆ ಸವಿತಾ ಹೋಗಿ ಅಪ್ಪನ ಪಕ್ಕದ ಕಿಟಕಿಯ ಕಪ್ಪು ಪರದೆಯನ್ನು ಒಮ್ಮೆಲೇ ಸರಿಸಿದರು.

ಆ ಕಿಟಕಿ ಪೂರ್ವಕ್ಕಿದೆ. ಆಗಷ್ಟೇ ಮೇಲೆದ್ದಿದ್ದ ಬಿಸಿಲು ನೇರ ಒಳಕ್ಕೆ ನುಗ್ಗಿತು. ಅನ್ವರ್ ಕೈಯಡ್ಡ ಹಿಡಿದರು. ಜಯಮ್ಮ ಸೆರಗಿನಿಂದ ಮುಖ ಮುಚ್ಚಿಕೊಂಡರು. ನಾನು ಕಣ್ಣು ಕಿರಿದಾಗಿಸಿ ಮುಖ ತಿರುಗಿಸಿದೆ; ತಿರುಗಿಸಿದ ಕಡೆ ಅಪ್ಪನಿದ್ದ. ಬಿಸಿಲು ಅವನ ಮುಖದ ಮೇಲೆ ಪೂರ್ತಿಯಾಗಿ ಬಿದ್ದಿತ್ತು. ಎರಡು ಕಣ್ಣುಗಳನ್ನೂ ಅಗಲವಾಗಿ ತೆರೆದು, ಒಂದು ಸಲವೂ ರೆಪ್ಪೆ ಬಡಿಯದೆ, ಅವನು ಸೂರ್ಯನನ್ನೇ ನೋಡುತ್ತ ಟವೆಲ್ಲಿನಿಂದ ಕತ್ತು ಒರೆಸಿಕೊಳ್ಳುತ್ತಿದ್ದ.

“ಇನ್ನೂ ಕರೆಂಟು ಬರ್ಲಿಲ್ವೇನಮ್ಮ?” ಎಂದ.

ಸವಿತಾ ಪರದೆಯ ಅಂಚನ್ನು ಹಿಡಿದುಕೊಂಡೇ ನನ್ನ ಕಡೆ ನೋಡಿದರು. ಎಲ್ಲರೂ ನೋಡಿದರು. “ಇಲ್ಲ ತಾತ, ಇನ್ನೂ ಬಂದಿಲ್ಲ” ಎಂದರು. ಅದು ನಿಜವೇ ಆಗಿತ್ತು. ಮಾತಿಗೆ ಯಾವಾಗಲೂ ಮೊದಲಾಗುವ ಅನ್ವರ್ ಕೂಡ ನೆಲವನ್ನು ನೋಡುತ್ತಿದ್ದರು. ಅಷ್ಟು ಜನ ಒಟ್ಟಿಗೆ ಸುಮ್ಮನಾದದ್ದು ಅಪ್ಪನಿಗೆ ಕೇಳಿಸಿರಬೇಕು. ಒರೆಸಿಕೊಳ್ಳುತ್ತಿದ್ದ ಕೈಯನ್ನು ನಿಲ್ಲಿಸಿದ. ಆಮೇಲೆ ಅಂಗೈಯಿಂದ ತನ್ನ ಕೆನ್ನೆಯನ್ನು ಮೆಲ್ಲಗೆ ಮುಟ್ಟಿಕೊಂಡ.

“ಮೊಕ ಬೆಚ್ಚಗಾಯ್ತಾ ಅದೆ” ಎಂದ. “ಪರದೆ ತೆಗ್ದಿದ್ದೀಯೇನಮ್ಮ?”

“ಊಂ ತಾತ. ತೆಗ್ದೆ.”

“ಬಿಸ್ಲು ಚೆಂದಾಗಿ ಬಂದದೇನು?”

“ಬಂದದೆ ತಾತ.”

ಅವನು ತಲೆಯಾಡಿಸಿದ. ಕೆಳಗಿಳಿದು ನನ್ನ ಭುಜಕ್ಕೆ ಕೈ ಚಾಚಿದ. ಕೈ ಮೊದಲು ಬರಿಯ ಗಾಳಿಯಲ್ಲಿ ಸ್ವಲ್ಪ ಹೊತ್ತು ನಿಂತಿತು. ನಾನು ಭುಜವನ್ನು ಅದರ ಕೆಳಗೆ ತಂದೆ. ಇಬ್ಬರೂ ಮೆಟ್ಟಿಲಿಳಿದೆವು. ಕೊನೆಯ ಮೆಟ್ಟಿಲಿನಲ್ಲಿ ಅಪ್ಪ, “ಆ ರೋಡಿನ ಮಾತು ಬುಟ್ಬುಡ್ಲಾ. ಆ ಸೈಕಲ್ಲು ಮನೇಲಿ ಜಾಗಕ್ಕೆ ದಂಡ. ಯಾರ್ಗಾದ್ರೂ ಕೊಟ್ಬುಡು” ಎಂದ. ಎಂದಿನಿಂದ ಕಾಣುತ್ತಿಲ್ಲ ಎಂದು ಕೇಳಬೇಕೆನಿಸಿತು. ವಾಕ್ಯವನ್ನು ಹೇಗೆ ಕಟ್ಟಿದರೂ ಅದು ಆರೋಪದಂತೆ ಕೇಳಿಸುತ್ತಿತ್ತು.

ಅದೇ ದಿನ ಕಣ್ಣಿನ ಆಸ್ಪತ್ರೆಗೆ ಹೋದೆವು. ವೈದ್ಯರು ಬಲಗಣ್ಣಿಗೆ ಟಾರ್ಚು ಹಿಡಿದು, ಬೆಳಕು ಯಾವ ಕಡೆಯಿಂದ ಬರುತ್ತಿದೆ ಎಂದು ಕೇಳಿದರು. ಅಪ್ಪ ಒಂದು ಕಡೆ ಹೇಳಿದ. ಅದು ಆ ಕಡೆಯಾಗಿರಲಿಲ್ಲ.

ಇನ್ನು ತರಗತಿಗೆ ಬರುವುದಿಲ್ಲವೆಂದೇ ನಾನು ತಿಳಿದಿದ್ದೆ. ಆದರೆ ಮರುದಿನ ಬೆಳಗ್ಗೆ ಅವನು ಪಂಚೆಯುಟ್ಟು ಬಾಗಿಲ ಬಳಿ ಗೋಡೆಗೆ ಬೆರಳಿಟ್ಟುಕೊಂಡು ನಿಂತಿದ್ದ. ಹಾಲಿನಲ್ಲಿ ಯಾರೂ ಅವನನ್ನು ಏನೂ ಕೇಳಲಿಲ್ಲ; ಎಂದಿಗಿಂತ ಗಟ್ಟಿಯಾಗಿ, ಎಂದಿಗಿಂತ ಹೆಚ್ಚಾಗಿ ಮಾತಾಡಿದರು. ಸವಿತಾ ಅವನನ್ನು ಸೀಟಿನ ಮೇಲೆ ಕೂರಿಸಿ, ಪಾದಗಳನ್ನು ಪೆಡಲಿನ ಪಟ್ಟಿಯೊಳಗೆ ಸೇರಿಸಿ, “ಫಾರಂ ಗೇಟಿಂದ ಒರಡಾನ ತಾತ?” ಎಂದರು.

“ಬ್ಯಾಡ ಕಣಮ್ಮ. ಆ ದಾರಿ ಸಾಕು. ನಿಮ್ಮೂರ ಕಡೆ ದಾರಿ ಯಾವ್ದಾದ್ರೂ ಏಳು. ನಾನು ನೋಡ್ದೇ ಇರೋದು.”

ಸವಿತಾ ಸ್ವಲ್ಪ ಯೋಚಿಸಿದರು. “ಮಳವಳ್ಳಿಯಿಂದ ಬ್ಲಫ್‌ಗೆ ಓಗಾನ? ಕೊನೇಲಿ ಭಾರಿ ಇಳಿಜಾರು, ಕೆಳಗೆ ಕರೆಂಟು ತಯಾರ್ ಮಾಡೋ ಮನೆ.”

“ನೋಡಿಲ್ಲ” ಎಂದ ಅಪ್ಪ. “ನೀನು ನೋಡಿದ್ದೀಯೇನ್ಲಾ?”

ನಾನು ವಿದ್ಯಾರ್ಥಿಗಳನ್ನು ಕರೆದುಕೊಂಡು ಎರಡು ಸಲ ಹೋಗಿ ಬಂದಿದ್ದೆ. “ಇಲ್ಲಪ್ಪ” ಎಂದೆ.

“ನಾನೂ ಇಲ್ಲ ಯಜಮಾನ್ರೇ” ಎಂದರು ಅನ್ವರ್. ಅವರ ತಂಗಿಯನ್ನು ಕೊಟ್ಟಿರುವುದೇ ಬ್ಲಫ್ ಬಳಿಯ ಊರಿಗೆ. ಜಯಮ್ಮ ತಮಗೆ ಆ ಕಡೆ ತಲೆ ಹಾಕಿ ಮಲಗಿ ಕೂಡ ಗೊತ್ತಿಲ್ಲವೆಂದರು. ಸವಿತಾ ದೀಪ ಆರಿಸಿದರು. ಚಕ್ರಗಳು ಒಂದೊಂದಾಗಿ ಸದ್ದು ಹಿಡಿಯತೊಡಗಿದವು.

“ಅಂಗಾರೆ ಮೆಲ್ಲುಕ್ಕೆ ಓಗು ಕಣಮ್ಮ” ಎಂದ ಅಪ್ಪ. “ಯಾರ್ಗೂ ದಾರಿ ಗೊತ್ತಿಲ್ಲ.”